ಶಿವನಸಮುದ್ರದಿಂದ ಪಾವಗಡದವರೆಗೆ: ಕರ್ನಾಟಕದಲ್ಲಿ ನವೀಕರಿಸಬಹುದಾದ ಶಕ್ತಿಯ ಬೆಲೆ ಮತ್ತು ಕರಾರು

೧. ಪ್ರಶ್ನೆಯ ಸ್ವರೂಪ

ನಮ್ಮ ನಾಡಿನ ಆರ್ಥಿಕ ಇತಿಹಾಸವನ್ನು ಬರೆದವರು ವಿದ್ಯುಚ್ಛಕ್ತಿಯ ಪ್ರಸ್ತಾಪಕ್ಕೆ ಬಂದಾಗ ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿದಿದ್ದಾರೆ. ಒಂದು, ಯಾವ ವರ್ಷದಲ್ಲಿ ಯಾವ ಯಂತ್ರ ಸ್ಥಾಪಿತವಾಯಿತು, ಅದರ ಸಾಮರ್ಥ್ಯವೆಷ್ಟು ಎಂಬುದನ್ನು ಕ್ರಮವಾಗಿ ನಮೂದಿಸುವ ಮಾರ್ಗ. ಮತ್ತೊಂದು, ದಿವಾನರ ಮತ್ತು ಎಂಜಿನಿಯರುಗಳ ದೂರದೃಷ್ಟಿಯನ್ನು ಕೊಂಡಾಡುವ ಮಾರ್ಗ. ಎರಡೂ ಉಪಯುಕ್ತವಾದವುಗಳೇ. ಆದರೆ ಇವೆರಡರಿಂದಲೂ ಉತ್ತರ ದೊರೆಯದ ಪ್ರಶ್ನೆಯೊಂದು ಉಳಿದುಕೊಳ್ಳುತ್ತದೆ. ನೀರಿನಿಂದ, ಗಾಳಿಯಿಂದ, ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ ಜಗತ್ತಿಗೆ ತಿಳಿದಿದ್ದ ಕಾಲಕ್ಕೂ ಅದು ಈ ನೆಲದಲ್ಲಿ ಬೇರೂರಿದ ಕಾಲಕ್ಕೂ ನಡುವೆ ಅಂತರವೇಕೆ? ಬೇರೂರಿದಾಗ ಆ ವರ್ಷದಲ್ಲಿಯೇ ಏಕೆ ಬೇರೂರಿತು?

ಈ ಪ್ರಬಂಧದಲ್ಲಿ ನಾವು ವಿವೇಚಿಸಬಯಸುವುದು ಈ ಪ್ರಶ್ನೆಯನ್ನೇ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಸಂಗ್ರಹವಾಗಿ ಹೇಳಿಬಿಡುವುದು ಲೇಸು. ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಪಡೆಯುವವನು ದಿನದಿನವೂ ಇಂಧನಕ್ಕೆ ಹಣ ತೆರುತ್ತಾನೆ. ಕೊಳ್ಳುವವರಿಲ್ಲದ ದಿನ ಉರಿಯನ್ನು ತಗ್ಗಿಸಿ ಆ ಖರ್ಚನ್ನಾದರೂ ಉಳಿಸಿಕೊಳ್ಳಬಲ್ಲನು. ನದಿಗೂ ಗಾಳಿಗೂ ಸೂರ್ಯನಿಗೂ ಬೆಲೆ ಕೊಡಬೇಕಾದುದಿಲ್ಲ. ಆದರೆ ಕಾಲುವೆ, ಕಂಬ, ಫಲಕಗಳಿಗೆ ತಗಲುವ ಹಣವನ್ನೆಲ್ಲ ಮೊದಲ ದಿನವೇ ಸುರಿಯಬೇಕಾಗುತ್ತದೆ. ಆ ಹಣ ಬಡ್ಡಿಸಹಿತ ಹಿಂದಿರುಗಲು ಇಪ್ಪತ್ತು ಇಪ್ಪತ್ತೈದು ವರ್ಷಗಳು ಹಿಡಿಯುತ್ತವೆ. ಆದುದರಿಂದ ಇಂಥ ಶಕ್ತಿಯ ಬೆಲೆಯನ್ನು ಯಂತ್ರದ ಬೆಲೆಯೊಂದೇ ನಿರ್ಣಯಿಸುವುದಿಲ್ಲ. ದೀರ್ಘಕಾಲ ಕೊಳ್ಳುತ್ತೇನೆಂದು ಕೊಟ್ಟ ಮಾತು ಎಷ್ಟು ದೃಢವಾದುದು ಎಂಬುದೂ ನಿರ್ಣಯಿಸುತ್ತದೆ. ಕರ್ನಾಟಕದಲ್ಲಿ ನೀರು, ಗಾಳಿ, ಬಿಸಿಲು ಈ ಮೂರೂ ವಿದ್ಯುತ್ತಾದದ್ದು ಅಂಥ ಕರಾರು ಏರ್ಪಟ್ಟ ಮೇಲೆ. ಇದು ನಮ್ಮ ವಾದದ ಮೊದಲ ಭಾಗ. ಆ ಕರಾರುಗಳಿಗೆ ರುಜು ಹಾಕದವರೂ ಅವುಗಳ ಭಾರದಲ್ಲಿ ಒಂದು ಪಾಲನ್ನು ಹೊತ್ತಿದ್ದಾರೆ, ಮತ್ತು ಆ ಪಾಲು ಬೆಲೆಯ ಲೆಕ್ಕದಲ್ಲಿ ಕಾಣಿಸಿಕೊಂಡಿಲ್ಲ ಎಂಬುದು ಎರಡನೆಯ ಭಾಗ.

೨. ಕಾವೇರಿ ಮತ್ತು ಚಿನ್ನದ ಗಣಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಗಣಿ ಆಳವಾದಷ್ಟೂ ನೀರೆತ್ತಲು, ಅದಿರನ್ನು ಮೇಲೆ ತರಲು, ಅದನ್ನು ಕುಟ್ಟಲು ಹೆಚ್ಚು ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಗಣಿಯ ಸುತ್ತ ಕಲ್ಲಿದ್ದಲಿರಲಿಲ್ಲ; ಇಂಧನವೆಲ್ಲ ದೂರದಿಂದ ಬರಬೇಕಾಗಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕುತ್ತಿತ್ತು. ಎರಡು ಸ್ಥಳಗಳ ನಡುವಣ ದೂರ ಸುಮಾರು ೯೨ ಮೈಲಿ.

ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡ ಯೋಜನೆಯ ಎಂಜಿನಿಯರಿಂಗ್ ಹೊಣೆಯನ್ನು ಹೊತ್ತವರು ರಾಯಲ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಎ. ಜೆ. ಡಿ ಲಾಟ್ಬಿನಿಯರ್. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ೧೯೦೨ನೆಯ ಇಸವಿ ಜೂನ್ ೩೦ರಂದು ವಿದ್ಯುತ್ತು ಗಣಿಗಳನ್ನು ತಲಪಿತು. ಮೊದಲ ಸಾಮರ್ಥ್ಯ ಸುಮಾರು ೪,೩೦೦ ಕಿಲೋವಾಟ್. ಆ ಸಾಗಣೆಮಾರ್ಗ ಅಂದಿನ ಕಾಲಕ್ಕೆ ಜಗತ್ತಿನಲ್ಲಿಯೇ ಅತಿ ದೀರ್ಘವಾದವುಗಳಲ್ಲಿ ಒಂದು. ೧೯೦೧ರಲ್ಲಿ ನಿಧನರಾದ ಶೇಷಾದ್ರಿ ಅಯ್ಯರ್ ಅವರಿಗೆ ಈ ದಿನವನ್ನು ನೋಡುವ ಭಾಗ್ಯವಿರಲಿಲ್ಲ.

ಈ ಸಂಗತಿಗಳು ಸುಪರಿಚಿತವಾದುವು. ನಾವು ಗಮನಿಸಬೇಕೆನ್ನುವುದು ಬೇರೆಯ ಒಂದು ಅಂಶವನ್ನು. ಸಂಸ್ಥಾನದ ಸರ್ಕಾರ ಇಷ್ಟು ದೊಡ್ಡ ಮೊತ್ತವನ್ನು ಹೊಸದೊಂದು ವಿದ್ಯೆಯ ಮೇಲೆ ಹೂಡಲು ಧೈರ್ಯಮಾಡಿದ್ದು, ಆ ಶಕ್ತಿಯನ್ನು ಕೊಳ್ಳುವ ಗಿರಾಕಿ ಮೊದಲೇ ಸಿದ್ಧನಾಗಿದ್ದುದರಿಂದ. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯೊಡನೆ ದೀರ್ಘಕಾಲದ ಕರಾರು ಏರ್ಪಟ್ಟಿತ್ತು. ಇಂದು ವಿದ್ಯುತ್ ಖರೀದಿ ಒಪ್ಪಂದವೆಂದು ಕರೆಯಲಾಗುವ ದಸ್ತಾವೇಜಿನ ಲಕ್ಷಣಗಳು ಈ ಕರಾರಿನಲ್ಲಿ ಆಗಲೇ ಇದ್ದುವು: ಗೊತ್ತಾದ ಗಿರಾಕಿ, ಗೊತ್ತಾದ ದರ, ಗೊತ್ತಾದ ಅವಧಿ. ಬೆಂಗಳೂರು ನಗರದ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಮೂರು ವರ್ಷಗಳ ತರುವಾಯ, ೧೯೦೫ನೆಯ ಆಗಸ್ಟ್ ೫ರಂದು. ಮೈಸೂರಿಗೆ ಬಂದುದು ೧೯೦೮ರಲ್ಲಿ. ಕಂಬಗಳು ಹಾದುಹೋದ ಹಳ್ಳಿಗಳು ದಶಕಗಳವರೆಗೆ ಕಾಯಬೇಕಾಯಿತು. ಕರಾರಿನ ಶಕ್ತಿಯೂ ಅದರ ಮಿತಿಯೂ ಇಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಕರಾರಿಗೆ ಎದುರಾದ ಮೊದಲ ತೊಡಕು ಋತುಮಾನದ್ದು. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಜಲಚಕ್ರಗಳಿಗೆ ನೀರು ಸಾಲುತ್ತಿರಲಿಲ್ಲ; ಗಣಿಗಳಿಗಾದರೋ ವರ್ಷವಿಡೀ ಶಕ್ತಿ ಬೇಕಾಗಿತ್ತು. ೧೯೧೧ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕೃಷ್ಣರಾಜಸಾಗರದ ನಿರ್ಮಾಣಕ್ಕೆ ಮಂಡ್ಯದ ನೀರಾವರಿಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರನ್ನು ಒದಗಿಸುವುದು. ಸರ್ ಎಂ. ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರಾಗಿ ಈ ಯೋಜನೆಯನ್ನು ಮುಂದಿಟ್ಟಾಗ ಕೂಡಿಟ್ಟ ನೀರನ್ನು ಕೂಡಿಟ್ಟ ಶಕ್ತಿಯೆಂದೇ ಎಣಿಸಿದ್ದರು. ಪ್ರಕೃತಿ ಕೊಡುವ ವೇಳೆಯೂ ಮನುಷ್ಯ ಕೇಳುವ ವೇಳೆಯೂ ಒಂದಾಗಿರದಿದ್ದರೆ ನಡುವೆ ಸಂಗ್ರಹವೊಂದು ಬೇಕಾಗುತ್ತದೆ. ಅದಕ್ಕೆ ತಗಲುವ ವೆಚ್ಚವೂ ಶಕ್ತಿಯ ಬೆಲೆಗೇ ಸೇರುತ್ತದೆ. ಈ ಮಾತನ್ನು ನಾವು ಬಿಸಿಲಿನ ವಿಷಯದಲ್ಲಿ ಪುನಃ ನೆನೆಯಬೇಕಾಗುವುದು.

೩. ಶರಾವತಿ: ಅಗ್ಗದ ವಿದ್ಯುತ್ತು ಯಾರಿಗೆ ಅಗ್ಗ?

ಎರಡನೆಯ ಘಟ್ಟದಲ್ಲಿ ಗಿರಾಕಿ ಖಾಸಗಿ ಗಣಿಯಲ್ಲ, ಸರ್ಕಾರವೇ. ಜೋಗದ ಬಳಿಯ ೧೨೦ ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ೧೯೪೮ರ ಫೆಬ್ರವರಿಯಲ್ಲಿ ಕೆಲಸ ಆರಂಭಿಸಿ ಬಳಿಕ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಅದೇ ವರ್ಷದ ವಿದ್ಯುತ್ ಸರಬರಾಜು ಕಾಯಿದೆಯ ಮೇರೆಗೆ ರಾಜ್ಯಗಳಲ್ಲಿ ಮಂಡಲಿಗಳು ಸ್ಥಾಪಿತವಾದುವು. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ೧೯೫೭ರಲ್ಲಿ ಅಸ್ತಿತ್ವಕ್ಕೆ ಬಂದಿತು. ಉತ್ಪಾದನೆ, ಸಾಗಣೆ, ಮಾರಾಟಗಳೆಲ್ಲವೂ ಸರ್ಕಾರದ ಕೈಯಲ್ಲಿದ್ದುದರಿಂದ ಕರಾರೆಂಬುದು ಖಜಾನೆಯ ಭರವಸೆಯಲ್ಲಿ ಅಡಗಿಹೋಯಿತು. ಈ ಭರವಸೆಯ ಬಲದ ಮೇಲೆಯೇ ಲಿಂಗನಮಕ್ಕಿ ಅಣೆಕಟ್ಟೂ ಶರಾವತಿ ವಿದ್ಯುದಾಗಾರವೂ ೧೯೬೦ರ ದಶಕದಲ್ಲಿ ಎದ್ದುವು. ಹತ್ತು ಯಂತ್ರಗಳು ಸೇರಿ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ೧,೦೩೫ ಮೆಗಾವಾಟ್.

೧೯೮೫ರಲ್ಲಿ ರಾಯಚೂರಿನ ಶಾಖೋತ್ಪನ್ನ ವಿದ್ಯುದಾಗಾರ ಆರಂಭವಾಗುವವರೆಗೆ ಕರ್ನಾಟಕದ ಸ್ವಂತ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ನೀರಿನಿಂದಲೇ ಬರುತ್ತಿತ್ತು. ನವೀಕರಿಸಬಹುದಾದ ಶಕ್ತಿಯೆಂಬ ಹೆಸರು ಬಳಕೆಗೆ ಬರುವ ಮೊದಲೇ ಈ ರಾಜ್ಯ ಅದನ್ನೇ ನಂಬಿ ಬದುಕಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ಕಡಿತವನ್ನೂ ಕಂಡಿತ್ತು.

ಶರಾವತಿಯ ವಿದ್ಯುತ್ತು ದೇಶದಲ್ಲಿಯೇ ಅಗ್ಗವಾದವುಗಳಲ್ಲಿ ಒಂದೆಂದು ಹೆಸರಾಯಿತು. ಅದರ ಲೆಕ್ಕದಲ್ಲಿ ಕಾಂಕ್ರೀಟು, ಕೊಳವೆ, ಯಂತ್ರ, ಬಡ್ಡಿ ಎಲ್ಲವೂ ಇವೆ. ಸಾಗರ ಹೊಸನಗರ ಸೀಮೆಗಳಲ್ಲಿ ಮುಳುಗಿದ ಅಡಿಕೆ ತೋಟ, ಗದ್ದೆ, ಮನೆ, ದೇವಸ್ಥಾನಗಳಿಗೆ ಪರಿಹಾರವೆಂದು ಕೊಟ್ಟ ಮೊತ್ತ ಆ ಲೆಕ್ಕದಲ್ಲಿ ಒಂದು ಸಣ್ಣ ಸಾಲು ಮಾತ್ರ. ಎಬ್ಬಿಸಲ್ಪಟ್ಟ ಕುಟುಂಬಗಳಲ್ಲಿ ಅನೇಕವನ್ನು ಅರಣ್ಯಭೂಮಿಯಲ್ಲಿ ನೆಲೆಗೊಳಿಸಲಾಯಿತು. ಆ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷಗಳ ಮೇಲೆಯೂ ಸರ್ಕಾರದ ಮುಂದೆ, ನ್ಯಾಯಾಲಯದ ಮುಂದೆ ಇದ್ದೇ ಇತ್ತು. ನಾಡಿಗೆ ಬೆಳಕಿತ್ತ ಜಲಾಶಯದ ಹಿನ್ನೀರಿನ ದ್ವೀಪಗಳಂಥ ಊರುಗಳಲ್ಲಿ ಬಹುಕಾಲ ದೀಪವಿರಲಿಲ್ಲವೆಂಬುದು ಮಲೆನಾಡಿನವರೆಲ್ಲ ಬಲ್ಲ ಸಂಗತಿ. ಅಗ್ಗವೆಂಬುದು ಯಾರ ದೃಷ್ಟಿಯಿಂದ ಎಂದು ಇತಿಹಾಸಕಾರ ಇಲ್ಲಿ ಕೇಳಲೇಬೇಕಾಗುತ್ತದೆ.

೪. ಹಳ್ಳಿಯೊಳಗಿನ ಪ್ರಯೋಗಗಳು

ದೊಡ್ಡ ಯೋಜನೆಗಳ ಜೊತೆಜೊತೆಗೆ ಮತ್ತೊಂದು ಧಾರೆಯೂ ಹರಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕಾರ್ಯಕ್ರಮ ಹಳ್ಳಿಗಳ ಶಕ್ತಿಯ ಅಗತ್ಯವನ್ನು ಹಳ್ಳಿಯಲ್ಲಿಯೇ ಅಳೆಯಲು ತೊಡಗಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಗಣಿಯ ಅನಿಲದಿಂದ ೧೯೮೭ರಲ್ಲಿ ವಿದ್ಯುತ್ತನ್ನು ಪಡೆದು ಮನೆಗಳಿಗೆ ಬೆಳಕನ್ನೂ ಕೊಳಾಯಿ ನೀರನ್ನೂ ಕೊಡಲಾಯಿತು. ಅದೇ ವರ್ಷ ಸಿದ್ಧವಾದ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆ ಬೃಹತ್ ಸ್ಥಾವರಗಳನ್ನೇ ನೆಚ್ಚಿಕೊಂಡಿದ್ದಾಗ, ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ‘ಡಿಫೆಂಡಸ್’ ಎಂಬ ಪರ್ಯಾಯ ಲೆಕ್ಕವನ್ನು ಮುಂದಿಟ್ಟರು. ಎಷ್ಟು ಉತ್ಪಾದಿಸಬೇಕೆಂಬುದಕ್ಕಿಂತ ಮೊದಲು ಯಾವ ಕೆಲಸಕ್ಕೆ ಎಷ್ಟು ಬೇಕೆಂದು ಕೇಳಿ, ಮಿತವ್ಯಯವನ್ನೂ ಒಂದು ಶಕ್ತಿಮೂಲವೆಂದೇ ಎಣಿಸುವುದು ಅದರ ತಿರುಳು.

ಈ ಪ್ರಯೋಗಗಳಲ್ಲಿ ಯಂತ್ರ ಚಿಕ್ಕದು. ಕರಾರಿನ ಪ್ರಶ್ನೆ ಮಾತ್ರ ದೊಡ್ಡದೇ. ಬಡ ಮನೆಯವನು ಸೌರದೀಪದ ಬೆಲೆಯನ್ನು ಒಂದೇ ಗಂಟಿನಲ್ಲಿ ಹೇಗೆ ಕೊಟ್ಟಾನು? ೧೯೯೫ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಅವರೊಡನೆ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಈ ಪ್ರಶ್ನೆಗೆ ಬ್ಯಾಂಕಿನ ಸಾಲದಲ್ಲಿ ಉತ್ತರ ಹುಡುಕಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ೨೦೦೩ರಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಸೌರದೀಪದ ಸಾಲಕ್ಕೆ ಬಡ್ಡಿಯ ರಿಯಾಯಿತಿಯನ್ನು ಒದಗಿಸಿತು. ಸೌರಫಲಕ ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿಯೇ ಸಾವಿರಾರು ಮನೆಗಳಿಗೆ ಅದು ಕೈಗೆಟುಕಿತು. ಫಲಕದ ಬೆಲೆ ಇಳಿಯುವುದಕ್ಕೆ ಮೊದಲೇ ತಿಂಗಳ ಕಂತು ಇಳಿದಿತ್ತು. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆತುದು ಈ ಕಾರ್ಯಕ್ಕೆ ಸಂದ ಮನ್ನಣೆ.

೫. ಗುಡ್ಡಗಳ ಮೇಲಿನ ಗಾಳಿ

ಮುಂಗಾರಿನ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಸಾಲುಗಳ ಮೇಲೆ ಬೀಸುವ ಗಾಳಿ ಬಲವಾದುದು. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಮಡಿಯಾಗುತ್ತದೆ; ಆದುದರಿಂದ ಒಳ್ಳೆಯ ಗುಡ್ಡಕ್ಕೂ ಸಾಧಾರಣ ಬಯಲಿಗೂ ಲಾಭದಲ್ಲಿ ಅಗಾಧವಾದ ಅಂತರ.

ಕೇಂದ್ರ ಸರ್ಕಾರ ೧೯೮೨ರಲ್ಲಿ ಅಸಾಂಪ್ರದಾಯಿಕ ಶಕ್ತಿಮೂಲಗಳ ಇಲಾಖೆಯನ್ನು ತೆರೆದು ೧೯೯೨ರಲ್ಲಿ ಅದನ್ನು ಸಚಿವಾಲಯವನ್ನಾಗಿ ಮಾಡಿತು. ಈ ಕ್ಷೇತ್ರಕ್ಕೆ ಸಾಲ ಕೊಡಲೆಂದು ೧೯೮೭ರಲ್ಲಿ ಇರೆಡಾ ಸಂಸ್ಥೆ ಹುಟ್ಟಿತು. ರಾಜ್ಯದಲ್ಲಿ ೧೯೯೬ರಲ್ಲಿ ಕ್ರೆಡಲ್ ಸಂಸ್ಥೆ ಸ್ಥಾಪಿತವಾಯಿತು. ಸಚಿವಾಲಯ ರಾಜ್ಯಗಳಿಗೆ ಸೂಚಿಸಿದ ಖರೀದಿ ದರ, ೧೯೯೪–೯೫ನ್ನು ಮೂಲವರ್ಷವಾಗಿಟ್ಟುಕೊಂಡು, ಯೂನಿಟ್ಟಿಗೆ ೨ ರೂಪಾಯಿ ೨೫ ಪೈಸೆ. ಅದರ ಮೇಲೆ ಪ್ರತಿವರ್ಷ ಶೇಕಡ ೫ರ ಏರಿಕೆ. ಹೀಗೆ ವರ್ಷದಿಂದ ವರ್ಷಕ್ಕೆ ಏರುವ ದರ ಹೂಡಿಕೆದಾರನಿಗೆ ಹಿತವಾದುದು. ಕೊಳ್ಳುವ ಮಂಡಲಿಗೆ ದಿನೇ ದಿನೇ ಭಾರವಾಗತಕ್ಕದ್ದು. ಇದರ ಜೊತೆಗೆ ಯಂತ್ರದ ಬೆಲೆಯನ್ನೆಲ್ಲ ಮೊದಲ ವರ್ಷದಲ್ಲಿಯೇ ಆದಾಯದಿಂದ ಕಳೆದು ತೆರಿಗೆ ಉಳಿಸಿಕೊಳ್ಳುವ ಸವಲತ್ತೂ ಇದ್ದಿತು. ಇದರಿಂದ ಗಾಳಿಯ ವ್ಯವಹಾರದ ಗಂಧವೇ ಇಲ್ಲದ ಉದ್ಯಮಗಳು ತೆರಿಗೆಗಾಗಿ ಗಾಳಿಯಂತ್ರಗಳನ್ನು ಕೊಂಡುವು. ಯಂತ್ರ ನಿಂತರೆ ಸಾಕು, ತಿರುಗಿದರೆಷ್ಟು ಬಿಟ್ಟರೆಷ್ಟು ಎಂಬ ಉದಾಸೀನತೆಗೆ ಅವಕಾಶವಾಯಿತು. ನೆಟ್ಟ ಯಂತ್ರಕ್ಕಲ್ಲದೆ ಉತ್ಪಾದಿಸಿದ ಯೂನಿಟ್ಟಿಗೆ ಪ್ರೋತ್ಸಾಹಧನ ಕೊಡುವ ಕ್ರಮ ಜಾರಿಗೆ ಬಂದುದು ೨೦೦೯ರಲ್ಲಿ. ಆ ಮೊತ್ತ ಯೂನಿಟ್ಟಿಗೆ ೫೦ ಪೈಸೆ.

ರಾಜ್ಯದಲ್ಲಿ ೧೯೯೯ರ ಸುಧಾರಣಾ ಕಾಯಿದೆ ದರ ನಿರ್ಣಯದ ಅಧಿಕಾರವನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ವಹಿಸಿತು. ದೇಶದ ೨೦೦೩ರ ವಿದ್ಯುಚ್ಛಕ್ತಿ ಕಾಯಿದೆ ಒಟ್ಟು ಖರೀದಿಯಲ್ಲಿ ಒಂದು ಪಾಲು ಇಂಥ ಮೂಲಗಳಿಂದಲೇ ಬರಬೇಕೆಂದು ವಿಧಿಸುವ ಹೊಣೆಯನ್ನು ಆಯೋಗಗಳ ಮೇಲಿರಿಸಿತು. ಕರ್ನಾಟಕದ ಆಯೋಗ ಗಾಳಿವಿದ್ಯುತ್ತಿಗೆ ೨೦೦೫ರಲ್ಲಿ ಯೂನಿಟ್ಟಿಗೆ ೩ ರೂಪಾಯಿ ೪೦ ಪೈಸೆಯನ್ನೂ ೨೦೦೯ರಲ್ಲಿ ೩ ರೂಪಾಯಿ ೭೦ ಪೈಸೆಯನ್ನೂ ಗೊತ್ತುಪಡಿಸಿತು. ೨೦೧೭ರಲ್ಲಿ ದೇಶದಲ್ಲಿ ಹರಾಜಿನ ಪದ್ಧತಿ ಬಂದಾಗ ಫೆಬ್ರವರಿಯಲ್ಲಿ ೩ ರೂಪಾಯಿ ೪೬ ಪೈಸೆಗೆ ಕೂಗಲ್ಪಟ್ಟ ದರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ೨ ರೂಪಾಯಿ ೪೩ ಪೈಸೆಗೆ ಇಳಿಯಿತು. ಹತ್ತು ತಿಂಗಳಲ್ಲಿ ಯಂತ್ರಶಾಸ್ತ್ರ ಅಷ್ಟು ಮುಂದುವರಿಯಲಾರದು. ಬದಲಾದುದು ದರವನ್ನು ಕಂಡುಹಿಡಿಯುವ ಕ್ರಮ.

ಗಾಳಿಗೂ ಕರಾರಿನ ಹೊರಗಿನ ಲೆಕ್ಕವೊಂದಿದೆ. ಗುಡ್ಡದ ನೆತ್ತಿಗೆ ಯಂತ್ರವನ್ನು ಸಾಗಿಸಲು ಅಗಲವಾದ ರಸ್ತೆ ಬೇಕು. ಔಷಧಿಯ ಸಸ್ಯಗಳಿಗೆ ಹೆಸರಾದ ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಗಣಿಗಾರಿಕೆಯ ಜೊತೆಗೆ ಗಾಳಿಯಂತ್ರಗಳೂ ಚರ್ಚೆಗೆ ಗುರಿಯಾದುವು. ೨೦೧೯ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು.

೬. ಬಿಸಿಲಿನ ಬೆಲೆ ಇಳಿದ ಬಗೆ

ಸೌರವಿದ್ಯುತ್ತಿನ ಬೆಲೆಯ ಇಳಿತ ಇತ್ತೀಚಿನ ಆರ್ಥಿಕ ಇತಿಹಾಸದಲ್ಲಿ ಅಪೂರ್ವವಾದುದು. ಕೇಂದ್ರ ಆಯೋಗ ೨೦೧೦–೧೧ಕ್ಕೆ ನಿರ್ಧರಿಸಿದ ದರ ಯೂನಿಟ್ಟಿಗೆ ೧೭ ರೂಪಾಯಿ ೯೧ ಪೈಸೆ. ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹರಾಜಿನಲ್ಲಿ, ೨೦೧೦ರ ಕೊನೆಗೆ, ಅತಿ ಕಡಿಮೆಯ ಕೂಗು ೧೦ ರೂಪಾಯಿ ೯೫ ಪೈಸೆ. ೨೦೧೭ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು ೨ ರೂಪಾಯಿ ೪೪ ಪೈಸೆ. ೨೦೨೦ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ೧ ರೂಪಾಯಿ ೯೯ ಪೈಸೆ.

ಇದಕ್ಕೆ ಕಾರಣಗಳು ಮೂರು. ಮೊದಲನೆಯದು, ಸಿಲಿಕಾನ್ ಫಲಕಗಳ ತಯಾರಿಕೆಯಲ್ಲಿ ಒಟ್ಟು ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ಬೆಲೆ ಸರಿಸುಮಾರು ಐದನೆಯ ಒಂದು ಪಾಲು ಇಳಿಯುತ್ತ ಬಂದುದು. ಎರಡನೆಯದು, ಆ ಉತ್ಪಾದನೆ ಹೆಚ್ಚುವಂತೆ ಬೇರೆಯ ದೇಶಗಳು ಹಣ ತೆತ್ತುದು. ಜರ್ಮನಿ ೨೦೦೦ದ ಕಾನೂನಿನಿಂದ ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ನಿಶ್ಚಿತ ದರವನ್ನು ಕೊಟ್ಟು ಬೇಡಿಕೆಯನ್ನು ಸೃಷ್ಟಿಸಿತು. ಚೀನಾ ಆ ಬೇಡಿಕೆಯನ್ನು ನೆಚ್ಚಿ ಬೃಹತ್ ಕಾರ್ಖಾನೆಗಳನ್ನು ಕಟ್ಟಿತು. ಫಲಕ ದುಬಾರಿಯಾಗಿದ್ದ ಕಾಲದ ವೆಚ್ಚದಲ್ಲಿ ಬಹುಪಾಲನ್ನು ಜರ್ಮನಿಯ ಗೃಹಸ್ಥ ತನ್ನ ಬಿಲ್ಲಿನಲ್ಲಿ ಕಟ್ಟಿದನು; ಅಗ್ಗದ ಕಾಲದಲ್ಲಿ ನಾವು ಪ್ರವೇಶಿಸಿದೆವು. ಮೂರನೆಯ ಕಾರಣ, ಸಾಲದ ಬಡ್ಡಿ ಮತ್ತು ಕರಾರಿನ ಭದ್ರತೆ. ಕೇಂದ್ರದ ಸಂಸ್ಥೆಗಳು ಇಪ್ಪತ್ತೈದು ವರ್ಷ ಕೊಳ್ಳುವ ಹೊಣೆ ಹೊತ್ತಾಗ ಸಾಲಿಗನ ಅಂಜಿಕೆ ಕಡಿಮೆಯಾಯಿತು. ಅಂಜಿಕೆ ಕಡಿಮೆಯಾದಷ್ಟೂ ಬಡ್ಡಿ ಇಳಿಯಿತು.

ಕರಾರು ಸಡಿಲವಾದರೆ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. ಪಕ್ಕದ ಆಂಧ್ರಪ್ರದೇಶದಲ್ಲಿ ೨೦೧೯ರಲ್ಲಿ ಸರ್ಕಾರ ಹಿಂದಿನ ಗಾಳಿ ಮತ್ತು ಸೌರ ಒಪ್ಪಂದಗಳ ದರವನ್ನು ಪುನಃ ಚರ್ಚಿಸಲು ಹೊರಟಿತು. ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ಮುಟ್ಟಿ, ೨೦೨೨ರಲ್ಲಿ ಒಪ್ಪಂದದ ದರವನ್ನೇ ಕೊಡಬೇಕೆಂದು ತೀರ್ಪಾಯಿತು. ಕರ್ನಾಟಕದಲ್ಲಿಯೇ, ೨೦೧೪ರ ಸೌರನೀತಿಯ ಮೇರೆಗೆ ಜಮೀನುಳ್ಳ ರೈತರಿಗೆಂದು ೧ರಿಂದ ೩ ಮೆಗಾವಾಟ್‌ವರೆಗಿನ ಸ್ಥಾವರಗಳ ಯೋಜನೆಯೊಂದು ಬಂದಿತು. ಅದಕ್ಕೆ ಅನ್ವಯಿಸಿದ ದರ ಯೂನಿಟ್ಟಿಗೆ ೮ ರೂಪಾಯಿ ೪೦ ಪೈಸೆ. ಜಮೀನಿನ ಪರಿವರ್ತನೆ, ಸಾಗಣೆಮಾರ್ಗದ ಮಂಜೂರಾತಿ ಮುಂತಾದುವುಗಳಲ್ಲಿ ಹಲವರ ಕೆಲಸ ತಡವಾಯಿತು. ಅಷ್ಟರಲ್ಲಿ ಸಾಮಾನ್ಯ ದರ ೨೦೧೫ರಲ್ಲಿ ೬ ರೂಪಾಯಿ ೫೧ ಪೈಸೆಗೂ ೨೦೧೭ರಲ್ಲಿ ೪ ರೂಪಾಯಿ ೩೬ ಪೈಸೆಗೂ ಇಳಿದಿದ್ದಿತು. ತಡವಾದವರಿಗೆ ಯಾವ ದರವೆಂಬ ವ್ಯಾಜ್ಯ ಮೇಲ್ಮನವಿಯ ನ್ಯಾಯಮಂಡಲಿಯವರೆಗೆ ಹೋಯಿತು. ಬೆಲೆ ಬೇಗ ಇಳಿಯುವ ಕಾಲದಲ್ಲಿ ವಿಳಂಬವೂ ಒಂದು ವೆಚ್ಚವಾಗುತ್ತದೆ. ದೊಡ್ಡ ಸಂಸ್ಥೆ ಅದನ್ನು ತಾಳಿಕೊಳ್ಳಬಲ್ಲದು, ಹೊಲ ಒತ್ತೆಯಿಟ್ಟ ರೈತ ತಾಳಿಕೊಳ್ಳಲಾರ.

೭. ಪಾವಗಡ

ಕರ್ನಾಟಕ ವಿದ್ಯುತ್ ನಿಗಮದ ಮೊದಲ ಸೌರಸ್ಥಾವರಗಳಲ್ಲಿ ಒಂದು, ೩ ಮೆಗಾವಾಟಿನದು, ೨೦೧೦ರ ಹೊತ್ತಿಗೆ ಕೆಲಸ ಆರಂಭಿಸಿದ್ದು ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಹುಡುಕಿಕೊಂಡು ಹೋದುದೂ ಇದೇ ಜಿಲ್ಲೆಯ ನೆಲವನ್ನು. ೨೦೦೧ರಲ್ಲಿ ಚಿನ್ನದ ಗಣಿಗಳು ಮುಚ್ಚಿದುವು. ಶಿವನಸಮುದ್ರದ ಯಂತ್ರಗಳು ತಿರುಗುತ್ತಲೇ ಇವೆ.

ಯಳೇಸಂದ್ರದಿಂದ ಪಾವಗಡಕ್ಕೆ ಹತ್ತು ವರ್ಷಗಳೊಳಗೆ ಸಂದ ಹಾದಿ ದೊಡ್ಡದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಆಂಧ್ರದ ಸೀಮೆಯೊಳಗೆ ಚಾಚಿಕೊಂಡಿರುವ, ಪದೇ ಪದೇ ಬರಗಾಲಕ್ಕೆ ಈಡಾಗುವ ಪ್ರದೇಶ. ಅಲ್ಲಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ೨,೦೫೦ ಮೆಗಾವಾಟಿನ ಸೌರ ಉದ್ಯಾನ ಎದ್ದಿತು. ಮೊದಲ ೬೦೦ ಮೆಗಾವಾಟ್ ೨೦೧೮ರ ಆದಿಯಲ್ಲಿ ಆರಂಭವಾಗಿ, ೨೦೧೯ರ ಕೊನೆಗೆ ಕಾರ್ಯ ಮುಗಿಯಿತು. ಇಲ್ಲಿನ ವಿದ್ಯುತ್ತಿಗೆ ೨೦೧೬ರ ಹರಾಜಿನಲ್ಲಿ ಯೂನಿಟ್ಟಿಗೆ ೪ ರೂಪಾಯಿ ೮೦ ಪೈಸೆಯ ಆಸುಪಾಸಿನಲ್ಲಿದ್ದ ದರ ೨೦೧೮ರಲ್ಲಿ ೩ ರೂಪಾಯಿಗಿಂತ ಕೆಳಗಿಳಿಯಿತು. ಆ ವರ್ಷದ ಹೊತ್ತಿಗೆ ಸೌರಶಕ್ತಿಯ ಸ್ಥಾಪನೆಯಲ್ಲಿ ಕರ್ನಾಟಕ ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದಿತು.

ಪಾವಗಡದ ಯೋಜನೆಯಲ್ಲಿ ಇತಿಹಾಸಕಾರನಿಗೆ ಮುಖ್ಯವಾದುದು ಭೂಮಿಯ ಕರಾರು. ಶರಾವತಿಯಲ್ಲಿ ಸರ್ಕಾರ ಭೂಮಿಯನ್ನು ವಶಪಡಿಸಿಕೊಂಡಿತ್ತು. ಪಾವಗಡದಲ್ಲಿ ಗುತ್ತಿಗೆಗೆ ಪಡೆಯಿತು. ಸುಮಾರು ೨,೩೦೦ ರೈತರಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಗಳಿಗೊಮ್ಮೆ ಶೇಕಡ ೫ರ ಏರಿಕೆ, ಒಡೆತನ ರೈತನದೇ. ರೈತನನ್ನೂ ಕರಾರಿನ ಪಕ್ಷದವನನ್ನಾಗಿ ಮಾಡಿದ ಈ ಕ್ರಮ ಮುಳುಗಡೆಯ ದಿನಗಳಿಗೆ ಹೋಲಿಸಿದರೆ ಒಂದು ಮುನ್ನಡೆಯೆಂಬುದನ್ನು ಒಪ್ಪಲೇಬೇಕು. ಮಳೆ ಬಂದರೂ ಬಾರದಿದ್ದರೂ ವರ್ಷಕ್ಕೊಮ್ಮೆ ಹಣ ಕೈಸೇರುವುದು ಬರದ ಸೀಮೆಯ ರೈತನಿಗೆ ಅಲ್ಪ ವಿಷಯವಲ್ಲ.

ಆದರೆ ಗುತ್ತಿಗೆ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವನಿಗೂ ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಕರಾರಿನಲ್ಲಿ ಸ್ಥಾನವಿಲ್ಲ. ಕಟ್ಟುವ ಕಾಲದಲ್ಲಿ ದೊರೆತ ಕೂಲಿ ಕಟ್ಟಿ ಮುಗಿದ ಮೇಲೆ ನಿಂತುಹೋಯಿತು. ಫಲಕ ತೊಳೆಯುವುದು, ಹುಲ್ಲು ತೆಗೆಯುವುದು, ಕಾವಲು ಇಂಥ ಕೆಲವೇ ಕೆಲಸಗಳು ಉಳಿದುವು. ಜಮೀನಿಲ್ಲದವರು ದುಡಿಮೆಗಾಗಿ ಬೇರೆಡೆಗೆ ಹೋಗಬೇಕಾಯಿತೆಂದು ಆ ಊರುಗಳನ್ನು ಕಂಡು ಬರೆದವರು ವರದಿಮಾಡಿದ್ದಾರೆ. ನೀರಿನಲ್ಲಿ ಊರು ಮುಳುಗಿದಾಗ ಅದು ಎಲ್ಲರಿಗೂ ಕಾಣುತ್ತಿತ್ತು; ಕೂಲಿ ಇಲ್ಲವಾದುದು ಹಾಗೆ ಕಾಣುವುದಿಲ್ಲ.

೮. ಮತ್ತೆ ಸಂಗ್ರಹದ ಪ್ರಶ್ನೆ

ಬೇಸಗೆಯ ಕಾವೇರಿಯ ತೊಡಕು ಬಿಸಿಲಿನಲ್ಲಿ ದಿನವೂ ಎದುರಾಗುತ್ತದೆ. ಸೌರವಿದ್ಯುತ್ತು ಹಗಲು ಹೇರಳ, ದೀಪ ಹಚ್ಚುವ ವೇಳೆಗೆ ಶೂನ್ಯ. ಆದುದರಿಂದ ನೀರಾವರಿ ಪಂಪುಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ವಿದ್ಯುತ್ತನ್ನು ಒದಗಿಸುವತ್ತ ಒಲವು ಬೆಳೆದಿದೆ. ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತವಾಗಿರುವುದರಿಂದ ಆ ಹೊರೆಯನ್ನು ಸರ್ಕಾರವೇ ಹೊರಬೇಕು; ಹಗಲಿನ ಅಗ್ಗದ ವಿದ್ಯುತ್ತು ಅದನ್ನು ಹಗುರಗೊಳಿಸಬಲ್ಲದು. ೨೦೧೯ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆ ಪಂಪುಗಳ ಮಾರ್ಗಗಳಿಗೆ ಹತ್ತಿರದಲ್ಲಿಯೇ ಸಣ್ಣ ಸೌರಸ್ಥಾವರಗಳನ್ನು ಜೋಡಿಸಲು ಅವಕಾಶ ಕಲ್ಪಿಸಿತು. ರಾತ್ರಿ ಪಂಪು ಹಾಕಲು ಹೋಗಿ ಹಾವು, ಕತ್ತಲೆಗಳ ಭಯದಲ್ಲಿ ಕಾಯುವ ರೈತನಿಗೆ ಈ ಬದಲಾವಣೆಯ ಬೆಲೆ ಯೂನಿಟ್ಟಿನ ಲೆಕ್ಕವನ್ನು ಮೀರಿದುದು.

೨೦೨೩ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ಬರಿದಾದಾಗ, ಅಕ್ಟೋಬರಿನಲ್ಲಿ ರಾಜ್ಯ ತೀವ್ರವಾದ ವಿದ್ಯುತ್ ಕೊರತೆಯನ್ನು ಅನುಭವಿಸಿತು. ಹಗಲಿನ ಬಿಸಿಲನ್ನು ಸಂಜೆಗೆ ಉಳಿಸುವ ಉಪಾಯವಾಗಿ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ೨,೦೦೦ ಮೆಗಾವಾಟಿನ ಯೋಜನೆಯೊಂದು ಪ್ರಸ್ತಾಪಿತವಾಗಿದೆ. ವಿದ್ಯುತ್ತು ಅಗ್ಗವಾದಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಹೆಚ್ಚಿದಾಗ ಅದನ್ನೇ ಕೆಳಗೆ ಹರಿಸುವುದು ಅದರ ವಿಧಾನ. ಸಿಂಗಳೀಕಗಳ ನೆಲೆಯಾದ ಅಭಯಾರಣ್ಯದ ನಡುವೆ ಈ ಕಾರ್ಯ ನಡೆಯಬೇಕಾಗಿರುವುದರಿಂದ ಪರಿಸರತಜ್ಞರೂ ಸ್ಥಳೀಯರೂ ಅದನ್ನು ವಿರೋಧಿಸಿದ್ದಾರೆ. ಬಯಲುಸೀಮೆಯ ಬಿಸಿಲಿಗೆ ಮಲೆನಾಡಿನ ಕಣಿವೆ ಉಗ್ರಾಣವಾಗಬೇಕೆ ಎಂಬ ಪ್ರಶ್ನೆಯನ್ನು ಕೇಳುತ್ತಿರುವವರಲ್ಲಿ, ಒಮ್ಮೆ ಮುಳುಗಡೆಯನ್ನು ಕಂಡ ಸೀಮೆಯವರೇ ಇರುವುದು ಆಕಸ್ಮಿಕವಲ್ಲ. ಇನ್ನೊಂದೆಡೆ ಬ್ಯಾಟರಿಗಳ ಬೆಲೆಯೂ ಇಳಿಯುತ್ತ ಬಂದಿದೆ. ಯಾವ ಸಂಗ್ರಹ ಅಗ್ಗವೆಂದು ತೂಗುವಾಗ ಅರಣ್ಯವನ್ನೂ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆಂದು ನಾವು ಭಾವಿಸುತ್ತೇವೆ. ೧೯೦೨ರ ಗಣಿಯ ಕರಾರು, ೧೯೬೦ರ ದಶಕದ ಖಜಾನೆಯ ಭರವಸೆ, ೧೯೯೦ರ ದಶಕದ ಗಾಳಿಯ ದರ, ೨೦೧೦ರ ಅನಂತರದ ಹರಾಜು, ಇವು ಒಂದೇ ಸಮಸ್ಯೆಗೆ ಆಯಾ ಕಾಲ ಕಂಡುಕೊಂಡ ಉತ್ತರಗಳು. ಮೊದಲೇ ಸುರ��ಯಬೇಕಾದ ಹಣಕ್ಕೆ ಭದ್ರತೆಯನ್ನು ಯಾರು ಕೊಡಬೇಕೆಂಬುದೇ ಆ ಸಮಸ್ಯೆ. ಭದ್ರತೆ ದೊರೆತಾಗ ಯಂತ್ರ ಬಂದಿದೆ. ಅದು ಅಲುಗಾಡಿದಾಗ, ಯಂತ್ರ ಎಷ್ಟೇ ಅಗ್ಗವಾಗಿದ್ದರೂ, ಕೆಲಸ ನಿಂತಿದೆ ಅಥವಾ ನ್ಯಾಯಾಲಯದ ಮೆಟ್ಟಿಲೇರಿದೆ.

ಎರಡನೆಯ ಮಾತು, ಹೂಡಿಕೆದಾರನಿಗೆ ಇಪ್ಪತ್ತೈದು ವರ್ಷಗಳ ಭದ್ರತೆ ಕೊಡಬಲ್ಲ ರಾಜ್ಯ ಮುಳುಗಡೆಯವನಿಗೂ ಕೂಲಿಯವನಿಗೂ ಕುರಿಗಾಹಿಗೂ ಅಷ್ಟೇ ದೀರ್ಘವಾದ ಮಾತನ್ನು ಕೊಡಲಾರದೆ? ಇದು ಅಸಾಧ್ಯವಾದ ಕೋರಿಕೆಯಲ್ಲ. ಪಾವಗಡದ ಗುತ್ತಿಗೆ ಅರ್ಧ ಹಾದಿಯನ್ನು ಕ್ರಮಿಸಿದೆ. ಗುತ್ತಿಗೆಯ ಹಣದಲ್ಲಿ ಅಥವಾ ವಿದ್ಯುತ್ತಿನ ದರದಲ್ಲಿ ಒಂದು ಸಣ್ಣ ಪಾಲನ್ನು ಜಮೀನಿಲ್ಲದವರಿಗೆ ಮೀಸಲಿಡುವುದು ಉಳಿದರ್ಧ. ಯೂನಿಟ್ಟಿಗೆ ೧೭ ರೂಪಾಯಿ ಇದ್ದ ಬೆಲೆ ೩ ರೂಪಾಯಿಗಿಂತ ಕೆಳಗಿಳಿದ ಮೇಲೆ ಕೆಲವು ಪೈಸೆಗಳಿಗೆ ಸ್ಥಳವಿಲ್ಲವೆಂದು ಹೇಳುವಂತಿಲ್ಲ.

ಕೊನೆಯದಾಗಿ ಸಹ ಸಂಶೋಧಕರಲ್ಲಿ ಒಂದು ಬಿನ್ನಹ. ಶಿವನಸಮುದ್ರದ ಕಡತಗಳು ಸರ್ಕಾರಿ ಪತ್ರಾಗಾರದಲ್ಲಿ ದೊರೆಯುತ್ತವೆ; ಮುಳುಗಡೆಯಾದವರ ಅನುಭವದಲ್ಲಿ ಬಹುಭಾಗ ಅವರೊಡನೆಯೇ ಅಳಿದುಹೋಗುತ್ತಿದೆ. ಪಾವಗಡದ ಗುತ್ತಿಗೆಗಳು ಮುಗಿಯುವುದು ಈ ಶತಮಾನದ ನಲವತ್ತರ ದಶಕದಲ್ಲಿ. ಇಪ್ಪತ್ತೈದು ವರ್ಷಗಳ ಕಾಲ ಉಳುಮೆ ಕಾಣದ ಆ ಹೊಲಗಳ ಎಲ್ಲೆಕಲ್ಲುಗಳು ಎಲ್ಲಿದ್ದುವು, ಯಾರು ಎಲ್ಲಿ ಬಿತ್ತುತ್ತಿದ್ದರು, ಯಾರು ಎಲ್ಲಿ ಕೂಲಿ ಮಾಡುತ್ತಿದ್ದರು ಎಂಬುದನ್ನು ಬಲ್ಲವರು ಈಗಲೂ ಆ ಐದು ಊರುಗಳಲ್ಲಿದ್ದಾರೆ. ಅವರ ಹೇಳಿಕೆಗಳನ್ನೂ ಪಹಣಿಗಳನ್ನೂ ಗ್ರಾಮದ ನಕ್ಷೆಗಳನ್ನೂ ಈಗಲೇ ಸಂಗ್ರಹಿಸಿಡುವುದು ನಮ್ಮಂಥ ವಿಭಾಗಗಳು ಕೈಗೊಳ್ಳಬೇಕಾದ ಕೆಲಸ. ಗುತ್ತಿಗೆ ಮುಗಿದ ದಿನ ಆ ದಾಖಲೆಗಳು ಇತಿಹಾಸಕಾರರಿಗಿಂತ ಹೆಚ್ಚಾಗಿ ಆ ಊರಿನವರಿಗೇ ಬೇಕಾಗುವುವು.